ಒಂದು ತಕ್ಕಾಳಿಗೆ ಎರಡು ಗುಂಡು

ರೈಟರ್ ದೇರಪ್ಪ ಸತ್ತುಹೋದ ಭಾನುವಾರದಂದು ಅವನು ಎಂದಿನಂತೆ ಐದು ಗಂಟೆಗೆ ಎದ್ದ. ಬಚ್ಚಲೊಲೆಗೆ ಉರಿ ಹಾಕಿದ, ಒಂದು ದೊಡ್ಡ ಲೋಟ ಬೆಲ್ಲದ ಕಾಫಿ ಕುಡಿದ, ಕೋವಿಯನ್ನು ಹೆಗಲಿಗೇರಿಸಿಕೊಂಡು ಹಿತ್ತಲಿಗೆ ಹೋಗಿ ತನ್ನ ತಕ್ಕಾಳಿಯನ್ನು, ಎಂದರೆ ಟೊಮೇಟೊ ಹಣ್ಣನ್ನು, ನೋಡಿದ. ತಾನು ಸತ್ತ ವಿಷಯ ಅವನಿಗೆ ತಿಳಿದದ್ದು ಮಧ್ಯಾಹ್ನ ಹನ್ನೆರಡರ ಮೇಲೆ. ಅಷ್ಟು ಹೊತ್ತಿಗೆ ಊರಿಗೆಲ್ಲ ತಿಳಿದು, ಸೌದೆಗೆ ಯಾವ ಮರ ಕಡಿಯುವುದೆಂಬ ತೀರ್ಮಾನವೂ ಆಗಿಹೋಗಿತ್ತು.

ಇದು ಹೇಗಾಯಿತೆಂದು ಹೇಳಬೇಕಾದರೆ ಮೂರು ತಿಂಗಳು ಹಿಂದಕ್ಕೆ ಹೋಗಬೇಕು. ಹೋಗೋಣ, ನಮಗೇನು ಅವಸರ.

ಕೊಡಗು ಮೈಸೂರು ರಾಜ್ಯಕ್ಕೆ ಸೇರಿ ಆಗ ಎರಡು ವರ್ಷವಾಗಿತ್ತು. ದೇರಪ್ಪ ಅಮ್ಮತ್ತಿಯಿಂದ ಮೂರು ಮೈಲಿ ಆಚೆಗಿನ ಒಂದು ಕಾಫಿ ಎಸ್ಟೇಟಿನಲ್ಲಿ ರೈಟರ್. ಹಾಜರಿ ಬರೆಯುವುದು, ಪಿಕ್ಕಿಂಗ್ ಸಮಯದಲ್ಲಿ ಹೆಂಗಸರ ಚೀಲಗಳಿಗೆ ಕೈ ಹಾಕಿ ನೋಡಿ "ಹಣ್ಣು ಮಾತ್ರ, ಕಾಯಿ ಬೇಡ" ಎಂದು ಕೂಗುವುದು ಅವನ ಕೆಲಸ. ಇಪ್ಪತ್ತು ವರ್ಷ ಬೇರೆಯವರ ಹಣ್ಣಿಗೆ ಕೂಗಿದವನಿಗೆ ತನ್ನದೂ ಒಂದು ಹಣ್ಣಿರಲಿ ಎಂಬ ಆಸೆ ಹುಟ್ಟಿದ್ದರಲ್ಲಿ ತಪ್ಪೇನಿಲ್ಲ. ಅವನ ಮನೆಯ ಹಿಂದೆ, ಅಡಿಗೆಮನೆಯ ಬಾಗಿಲಿಗೆ ಎದುರಾಗಿ, ಹತ್ತು ಹೆಜ್ಜೆ ಉದ್ದ ಹತ್ತು ಹೆಜ್ಜೆ ಅಗಲದ ಒಂದು ಜಾಗವಿತ್ತು. ಅಲ್ಲಿ ಮೊದಲು ಗುಲಾಬಿ ನೆಟ್ಟ, ಗೆದ್ದಲು ತಿಂದಿತು. ಅನಾನಸು ನೆಟ್ಟ, ಮುಳ್ಳುಹಂದಿ ತಿಂದಿತು. ಕೋಸು ಹಾಕಿದ, ಬಸವನಹುಳು ತಿಂದಿತು. ಯಾರೂ ತಿನ್ನದ್ದನ್ನು ಇಡೋಣವೆಂದು ಜೇನುಪೆಟ್ಟಿಗೆ ಇಟ್ಟ. ಜೇನು ಒಂದು ಮಧ್ಯಾಹ್ನ ಅವನ ಮುಖಕ್ಕೆ ಆರು ಕಡೆ ಕಚ್ಚಿ ಕಾಡಿಗೆ ಹೊರಟುಹೋಯಿತು.

ಅವನ ಹೆಂಡತಿ ಬೊಳ್ಳಮ್ಮ ಇದನ್ನೆಲ್ಲ ಅಡಿಗೆಮನೆಯ ಬಾಗಿಲಿನಿಂದ ನೋಡುತ್ತ ಬಂದವಳು. ಅವಳಿಗೆ ಆ ಜಾಗದಲ್ಲಿ ಒಂದು ಹಂದಿಗೂಡು ಬೇಕಾಗಿತ್ತು. ಊರಿನಲ್ಲಿ ಎಲ್ಲರ ಮನೆಯ ಹಿಂದೆಯೂ ಎರಡು ಹಂದಿ ಇದ್ದವು. ಹಬ್ಬ ಬಂದರೆ ಬೊಳ್ಳಮ್ಮ ಮಾತ್ರ ಪಾತ್ರೆ ಹಿಡಿದು ಇನ್ನೊಬ್ಬರ ಮನೆಗೆ ಹೋಗಬೇಕಾಗಿತ್ತು.

ಆ ವರ್ಷ ಕೈಲುಮುಹೂರ್ತಕ್ಕೆ, ಎಂದರೆ ಕೋವಿಗಳಿಗೆ ಹೂ ಮುಡಿಸಿ ಪೂಜೆ ಮಾಡುವ ಹಬ್ಬಕ್ಕೆ, ಬೊಳ್ಳಮ್ಮನ ಅಣ್ಣ ಉತ್ತಯ್ಯ ಕುಟ್ಟದಿಂದ ಬಂದಿದ್ದ. ಉತ್ತಯ್ಯ ಸೈನ್ಯದಲ್ಲಿ ಹವಾಲ್ದಾರನಾಗಿದ್ದು ನಿವೃತ್ತನಾದವನು. ಮಾತಾಡಿದರೆ ಎದುರಿಗೆ ನೂರು ಜನ ಸಾಲಾಗಿ ನಿಂತಿದ್ದಾರೆ ಎಂಬಂತೆ ಮಾತಾಡುತ್ತಿದ್ದ. ಊಟಕ್ಕೆ ಕುಳಿತಾಗ ಹಂದಿಗೂಡಿನ ಮಾತು ಬಂತು. ದೇರಪ್ಪ ಆ ಜಾಗದಲ್ಲಿ ತಾನು ಬೇರೆ ಏನೋ ಮಾಡುವವನಿದ್ದೇನೆ ಎಂದ.

ಉತ್ತಯ್ಯ ಕೈಯಲ್ಲಿದ್ದ ಅಕ್ಕಿಯುಂಡೆ ಕಡಂಬುಟ್ಟನ್ನು ತಟ್ಟೆಗೆ ಹಾಕಿ, "ಭಾವ, ನೀವು ನೆಟ್ಟದ್ದರಲ್ಲಿ ಇವತ್ತಿನವರೆಗೆ ಬೆಳೆದದ್ದು ಎಂತ ಉಂಟು ಹೇಳಿ. ನಿಮ್ಮ ಮೀಸೆ ಒಂದು," ಎಂದ.

"ಅದೂ ನೆಟ್ಟದ್ದಲ್ಲ. ತಾನಾಗಿ ಬಂದದ್ದು," ಎಂದಳು ಬೊಳ್ಳಮ್ಮ, ಸಾರು ಬಡಿಸುತ್ತ.

ದೇರಪ್ಪ ಬಾಯಲ್ಲಿದ್ದ ತುತ್ತು ನುಂಗಿ, ತಾನು ತಕ್ಕಾಳಿ ಬೆಳೆಯುತ್ತೇನೆ ಎಂದುಬಿಟ್ಟ.

ಆ ಕಾಲಕ್ಕೆ ಆ ಊರಿನಲ್ಲಿ ತಕ್ಕಾಳಿ ಎಂದರೆ ಬಂಗಲೆಯ ಹಣ್ಣು. ಬಿಳಿ ದೊರೆಗಳು ಬೆಳೆದು, ದೊರೆಗಳು ತಿಂದು, ದೊರೆಗಳೊಂದಿಗೆ ಹಡಗು ಹತ್ತಿ ಹೋದ ಹಣ್ಣು. ಅದರ ಹೆಸರು ದೇರಪ್ಪನ ಬಾಯಿಗೆ ಬಂದದ್ದಕ್ಕೆ ಎರಡು ಕಾರಣ. ಒಂದು, ಹೊಸ ಸರಕಾರದ ಗ್ರಾಮಸೇವಕ ಎರಡು ದಿನದ ಹಿಂದೆ ಅವನಿಗೆ ಒಂದು ಬೀಜದ ಪೊಟ್ಟಣ ಕೊಟ್ಟು ಹೋಗಿದ್ದ. ಇನ್ನೊಂದು ಕಾರಣವನ್ನು ದೇರಪ್ಪ ಯಾರಿಗೂ ಹೇಳಿರಲಿಲ್ಲ. ಬೊಳ್ಳಮ್ಮ ಹತ್ತು ವರ್ಷದ ಹುಡುಗಿಯಾಗಿದ್ದಾಗ ಅಪ್ಪನ ಜೊತೆ ಬಂಗಲೆಗೆ ಹೋಗಿದ್ದಳಂತೆ. ದೊರೆಸಾನಿ ಒಂದು ಹೋಳು ತಕ್ಕಾಳಿಗೆ ಸಕ್ಕರೆ ಹಾಕಿ ಅವಳ ಕೈಗಿಟ್ಟಳಂತೆ. ಆಮೇಲೆ ಇಪ್ಪತ್ತೈದು ವರ್ಷ ಮಾವು ತಿಂದರೂ ಹಲಸು ತಿಂದರೂ ಬೊಳ್ಳಮ್ಮ ಕೊನೆಗೆ ಹೇಳುತ್ತಿದ್ದ ಮಾತು ಒಂದೇ, "ಒಳ್ಳೇದುಂಟು. ಆದರೆ ಆ ರುಚಿ ಬೇರೆ." ಆ ರುಚಿಯನ್ನು ಒಮ್ಮೆ ಅವಳ ಕೈಗಿಡಬೇಕೆಂದು ದೇರಪ್ಪನಿಗಿತ್ತು. ಆದರೆ ಅಂಥದ್ದನ್ನೆಲ್ಲ ಹೆಂಡತಿಗೆ ಹೇಳಿ ಅವನಿಗೆ ಅಭ್ಯಾಸವಿರಲಿಲ್ಲ.

ಒಪ್ಪಂದ ಅಲ್ಲೇ ಆಯಿತು. ಸುಗ್ಗಿಯ ಹುತ್ತರಿ ಹಬ್ಬ ಕಳೆದು ಎರಡನೆಯ ಭಾನುವಾರ ಉತ್ತಯ್ಯ ಬರುತ್ತಾನೆ. ಅವನ ಕಣ್ಣೆದುರಿಗೆ ಒಂದೇ ಒಂದು ಹಣ್ಣಾದ ತಕ್ಕಾಳಿ ತೋರಿಸಿದರೆ ಆ ಜಾಗ ಜನ್ಮವಿಡೀ ದೇರಪ್ಪನದು. ಇಲ್ಲದಿದ್ದರೆ ಅಂದೇ ಹಂದಿಗೂಡಿಗೆ ಗೂಟ ಹೊಡೆಯುವುದು. ಮರಿಗಳನ್ನು ತಾನೇ ತರುತ್ತೇನೆ ಎಂದ ಉತ್ತಯ್ಯ. ಬರಿಗೈಯಲ್ಲಿ ತಂಗಿಯ ಮನೆಗೆ ಬರುವವನಲ್ಲ ಅವನು.

ದೇರಪ್ಪ ಬೀಜ ಬಿತ್ತಿದ. ಹನ್ನೆರಡು ಸಸಿ ಎದ್ದವು. ಇಪ್ಪತ್ತು ವರ್ಷದ ಅನುಭವವನ್ನೆಲ್ಲ ಅವನು ಆ ಹನ್ನೆರಡು ಸಸಿಗಳ ಮೇಲೆ ಪ್ರಯೋಗಿಸಿದ. ಗಿಡವೆಂದರೆ ಅವನಿಗೆ ಕಾಫಿ ಗಿಡ. ಗಿಡಕ್ಕೆ ಬೇಕಾದದ್ದು ನೆರಳು. ಆದ್ದರಿಂದ ನಾಲ್ಕು ಕಂಬ ನೆಟ್ಟು, ಮೇಲೆ ಸೊಪ್ಪಿನ ಚಪ್ಪರ ಹಾಕಿ, ಒಂದು ಸೂಜಿಯಷ್ಟು ಬಿಸಿಲೂ ಒಳಗೆ ಬಾರದಂತೆ ಮಾಡಿದ. ಸಸಿಗಳು ಬಿಸಿಲು ಹುಡುಕುತ್ತ ಬೆಳ್ಳಗೆ, ಸಣ್ಣಗೆ, ಉದ್ದಕ್ಕೆ ಬೆಳೆದವು. ಕಾಫಿ ಗಿಡ ಹೀಗೆ ಉದ್ದವಾದರೆ ತುದಿ ಚಿವುಟುವುದು ಪದ್ಧತಿ. ದೇರಪ್ಪ ಚಿವುಟಿದ. ಒಂಬತ್ತು ಸಸಿ ಸತ್ತವು.

ಲೈನಿನಿಂದ, ಎಂದರೆ ಎಸ್ಟೇಟಿನ ಆಳುಗಳ ಸಾಲುಮನೆಗಳಿಂದ, ಬೊಳ್ಳಮ್ಮನಿಗೆ ಸೊಪ್ಪು ಕೊಡಲು ಬಂದ ಮುದ್ದಿ ಇದನ್ನು ಕಂಡಳು. ಮುದ್ದಿ ಪಿಕ್ಕಿಂಗ್ ಹೆಂಗಸರಲ್ಲೆಲ್ಲ ಹಿರಿಯಳು, ರೈಟರಿಗೆ ಹೆದರದ ಒಬ್ಬಳೇ ಒಬ್ಬಳು. ಅವಳು ಚಪ್ಪರದೊಳಗೆ ಬಗ್ಗಿ ನೋಡಿ, "ರೈಟ್ರೇ, ಇದು ಕಾಫಿ ಅಲ್ಲ," ಎಂದಳು.

ದೇರಪ್ಪ ತಾನು ಇಪ್ಪತ್ತು ವರ್ಷದಿಂದ ಗಿಡ ನೋಡುತ್ತಿದ್ದೇನೆ ಎಂದು ತಿಳಿಸಿದ.

"ಕಾಫಿ ಗಿಡ," ಎಂದಳು ಮುದ್ದಿ, ಮತ್ತು ಅವನ ಅಪ್ಪಣೆ ಕೇಳದೆ ಚಪ್ಪರದ ಸೊಪ್ಪು ಎಳೆದು ಹಾಕಿದಳು.

ಬಿಸಿಲು ಬಿದ್ದ ಮೇಲೆ ಉಳಿದ ಮೂರು ಗಿಡ ಚೇತರಿಸಿಕೊಂಡು ಹೂ ಬಿಟ್ಟವು. ನಾಲ್ಕು ಕಾಯಿ ಕಚ್ಚಿದವು. ಒಂದನ್ನು ಊರ ಪಟೇಲರ ಕೋಳಿ ಕುಕ್ಕಿತು. ಒಂದನ್ನು ಹಕ್ಕಿ ಕುಕ್ಕಿತು. ಒಂದನ್ನು ಯಾರೂ ಕುಕ್ಕಲಿಲ್ಲ; ಹಣ್ಣಾಯಿತೇ ಎಂದು ದೇರಪ್ಪ ದಿನಕ್ಕೆ ನಾಲ್ಕು ಸಲ ಹೆಬ್ಬೆರಳಲ್ಲಿ ಒತ್ತಿ ನೋಡುತ್ತಿದ್ದುದರಿಂದ ಅದು ತಾನೇ ಬೇಸತ್ತು ಉದುರಿತು. ಕೊನೆಗೆ ಉಳಿದದ್ದು ಒಂದು.

ಆ ಒಂದು ಕಾಯಿ ಹುತ್ತರಿಗೆ ಹಸಿರಾಗಿತ್ತು. ಹುತ್ತರಿ ಕಳೆದು ಮೊದಲ ಭಾನುವಾರಕ್ಕೂ ಹಸಿರಾಗಿತ್ತು. ಬೆಳಿಗ್ಗೆ ಹತ್ತರವರೆಗೆ ಮಂಜು, ಸಂಜೆ ನಾಲ್ಕಕ್ಕೆ ಮತ್ತೆ ಚಳಿ. ಆ ನಡುವೆ ಬರುವ ಬಿಸಿಲಿನಲ್ಲಿ ಅದು ಏನು ತಾನೇ ಮಾಡೀತು. ಊರಿಗೆಲ್ಲ ಅದೇ ಮಾತಾಯಿತು. ಪಟೇಲ ಬೆಳ್ಯಪ್ಪನವರು ಗದ್ದೆಗೆ ಹೋಗುವಾಗ ಬೇಲಿಯಾಚೆ ನಿಂತು, "ಹೇಗುಂಟು?" ಎಂದು ಕೇಳುತ್ತಿದ್ದರು, ಮನೆಯಲ್ಲಿ ಕಾಯಿಲೆಯವರಿದ್ದಾರೋ ಎಂಬಂತೆ. ದೇರಪ್ಪ ತಲೆಯಾಡಿಸುತ್ತಿದ್ದ. ಒಬ್ಬರು ಹೊಗೆ ಹಾಕಲು ಹೇಳಿದರು, ಇನ್ನೊಬ್ಬರು ಹುಲ್ಲು ಹೊದೆಸಲು ಹೇಳಿದರು. ಪಟೇಲರ ಹೆಂಡತಿ ಪೂವಮ್ಮ ಮಾತ್ರ, ಕಾಯನ್ನು ಅಷ್ಟು ದಿಟ್ಟಿಸಿದರೆ ಅದು ಹಣ್ಣಾಗಲು ನಾಚಿಕೆಪಡುತ್ತದೆ, ಸ್ವಲ್ಪ ಆಚೆ ನೋಡಿ ಎಂದರು.

ಎಸ್ಟೇಟಿನಲ್ಲಿ ಪಿಕ್ಕಿಂಗ್ ಶುರುವಾಗಿತ್ತು. ದೇರಪ್ಪ ಈಗ ಕೂಗುತ್ತಿರಲಿಲ್ಲ. ಯಾರಾದರೂ ಹಸಿರು ಕಾಯಿ ಕಿತ್ತರೆ ಅದನ್ನು ಅಂಗೈಯಲ್ಲಿಟ್ಟುಕೊಂಡು, "ಪಾಪ, ಇನ್ನೂ ಸಮಯ ಬೇಕಿತ್ತು ಅದಕ್ಕೆ," ಎನ್ನುತ್ತಿದ್ದ. ರೈಟರಿಗೆ ಮೈ ಸರಿಯಿಲ್ಲವೆಂದು ಲೈನಿನಲ್ಲೆಲ್ಲ ಸುದ್ದಿಯಾಯಿತು. ಈ ಸುದ್ದಿಯನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಗುರುವಾರ ಕಾಯಿ ಬಿಳಿಚಿಕೊಂಡಿತು. ಶುಕ್ರವಾರ ಅದರ ಬುಡಕ್ಕೆ ಅರಸಿನ ಬಣ್ಣ ಬಂತು. ಶನಿವಾರ ಸಂಜೆ ದೇರಪ್ಪ ಕೆಲಸದಿಂದ ಬಂದು ನೋಡಿದರೆ ಅದು ಕೆಂಪಗಾಗಿತ್ತು. ಅವನು ಅದರ ಮುಂದೆ ಕುಕ್ಕರಗಾಲಲ್ಲಿ ಕುಳಿತ. ಹುಟ್ಟಿದ ಮೇಲೆ ಅವನು ಶುರು ಮಾಡಿ ಮುಗಿಸಿದ ಮೊದಲ ಕೆಲಸ ಅದು.

ಬೊಳ್ಳಮ್ಮ ಬಂದು ನೋಡಿ, ಈಗಲೇ ಕಿತ್ತು ಒಳಗೆ ತನ್ನಿ ಎಂದಳು. ಒಳ್ಳೆಯ ಮಾತು. ಆದರೆ ದೇರಪ್ಪ ಕೇಳಬೇಕಲ್ಲ.

"ಹುತ್ತರಿಗೆ ಕದಿರು ತೆಗೆಯುವಾಗ ಹೇಗೆ? ಮುಹೂರ್ತ ನೋಡಿ, ಗುಂಡು ಹಾರಿಸಿ, ಆಮೇಲೆ ಕುಡುಗೋಲು ಮುಟ್ಟಿಸ್ತೇವೆ. ಭತ್ತಕ್ಕೆ ಅಷ್ಟು ಮರ್ಯಾದೆ ಉಂಟಾದರೆ ಇದಕ್ಕೆ ಬೇಡವಾ? ನಿನ್ನ ಅಣ್ಣ ಬರಲಿ. ಅವನ ಎದುರು ಗುಂಡು ಹಾರಿಸಿಯೇ ಕೀಳುವುದು," ಎಂದ.

ಬೊಳ್ಳಮ್ಮ, ಭತ್ತವನ್ನು ಮಂಗ ತಿನ್ನುವುದಿಲ್ಲ ಎಂದು ಹೇಳಿ ಒಳಗೆ ಹೋದಳು. ದೇರಪ್ಪ ಮಂಗನಿಗೂ ಉಪಾಯ ಮಾಡಿದ. ಎಸ್ಟೇಟಿನಿಂದ ಕಾಫಿ ಮಾದರಿ ಕಳಿಸುವ ಒಂದು ಸಣ್ಣ ಬಟ್ಟೆ ಚೀಲ ತಂದು ಹಣ್ಣಿಗೆ ಹೊದೆಸಿ ದಾರ ಕಟ್ಟಿದ. ತನ್ನ ಜೋಡಿ ನಳಿಗೆಯ ಕೋವಿಗೆ ತೋಟಾ ತುಂಬಿದ. ಹುತ್ತರಿಗೆ ಹಾರಿಸಿ ಉಳಿದದ್ದು ಎರಡೇ ತೋಟಾ.

ಇಲ್ಲಿ ಕೋವಿಯ ವಿಷಯ ಸ್ವಲ್ಪ ಹೇಳಬೇಕು. ಆ ಊರಿನಲ್ಲಿ ಸುದ್ದಿ ಹೇಳಲು ಜನ ಓಡುವುದಿಲ್ಲ, ಕೋವಿ ಹೇಳುತ್ತದೆ. ಮನೆಯಲ್ಲಿ ಗಂಡು ಮಗು ಹುಟ್ಟಿದರೆ ಒಂದು ಗುಂಡು. ಯಾರಾದರೂ ತೀರಿಕೊಂಡರೆ ಒಂದರ ಹಿಂದೆ ಒಂದು, ಎರಡು ಗುಂಡು. ಎರಡು ಕೇಳಿದರೆ ಕೈಯಲ್ಲಿದ್ದ ಕೆಲಸ ಅಲ್ಲೇ ಬಿಟ್ಟು ಎಲ್ಲರೂ ಹೊರಡಬೇಕು. ಬೇಟೆಗೋ ಹಬ್ಬಕ್ಕೋ ಹಾರಿಸುವಾಗ ತಪ್ಪಿ ಎರಡಾಗಿಬಿಟ್ಟರೆ, ಕೂಡಲೇ ಮೂರನೆಯದನ್ನೂ ಹಾರಿಸಿ ಊರಿನ ಎದೆ ತಣ್ಣಗೆ ಮಾಡುವುದು ವಾಡಿಕೆ. ಇದು ಎದೆಹಾಲು ಬಿಟ್ಟ ಮಕ್ಕಳಿಗೂ ಗೊತ್ತು. ದೇರಪ್ಪನಿಗೂ ಗೊತ್ತಿತ್ತು.

ಭಾನುವಾರ ಒಂಬತ್ತು ಗಂಟೆಗೆ ಒಂದು ಗಡವ ಮಂಗ ಬೇಲಿ ಹಾರಿ ಬಂದು ತಕ್ಕಾಳಿ ಗಿಡದ ಪಕ್ಕ ಕುಳಿತಿತು. ದೇರಪ್ಪ ಆಕಾಶಕ್ಕೆ ಒಂದು ಗುಂಡು ಹಾರಿಸಿದ. ಮಂಗ ಅವನನ್ನು ನೋಡಿತು. ಎರಡನೆಯದನ್ನೂ ಹಾರಿಸಿದ. ಮಂಗ ಚೀಲಕ್ಕೆ ಕೈ ಹಾಕಿ, ಎಳೆದು, ಅದನ್ನು ಬಾಯಲ್ಲಿ ಕಚ್ಚಿಕೊಂಡು ಕಾಫಿ ತೋಟಕ್ಕೆ ಹಾರಿತು. ಮೂರನೆಯ ತೋಟಾ ಇರಲಿಲ್ಲ. ಇದ್ದಿದ್ದರೂ ಆ ಹೊತ್ತಿನಲ್ಲಿ ಊರಿನ ಎದೆ ಯಾರಿಗೆ ನೆನಪಾಗುತ್ತದೆ. ತನ್ನ ಮೂರು ತಿಂಗಳು ಆ ಚೀಲದಲ್ಲಿ ಹೋಗುತ್ತಿದೆ ಎಂದು ದೇರಪ್ಪ ಖಾಲಿ ಕೋವಿ ಹಿಡಿದು ಮಂಗನ ಹಿಂದೆ ಓಡಿದ. ಮಂಗ ಮರದಿಂದ ಮರಕ್ಕೆ, ದೇರಪ್ಪ ಗಿಡದಿಂದ ಗಿಡಕ್ಕೆ.

ಗದ್ದೆಯಾಚೆ ಪಟೇಲ ಬೆಳ್ಯಪ್ಪನವರು ಎರಡು ಗುಂಡು ಕೇಳಿ, ಬಾಯಲ್ಲಿದ್ದ ಎಲೆಯಡಿಕೆ ಉಗಿದರು.

"ರೈಟರ ಮನೆ ಕಡೆಯಿಂದ," ಎಂದರು ಪೂವಮ್ಮ.

ಮೂರನೆಯದಕ್ಕೆ ಕಾದರು. ಬರಲಿಲ್ಲ. ಆ ಮನೆಯಲ್ಲಿ ಇರುವವರು ಇಬ್ಬರೇ. ಬೊಳ್ಳಮ್ಮ ಗಟ್ಟಿಮುಟ್ಟಾದ ಹೆಂಗಸು. ರೈಟರಿಗೆ ಮೈ ಸರಿಯಿಲ್ಲವೆಂದು ವಾರದಿಂದ ಸುದ್ದಿ ಇತ್ತು. ಪಟೇಲರು ಸಾವಿನ ಮನೆಗೆ ಉಡುವ ಬಿಳಿ ವಸ್ತ್ರ ಉಟ್ಟು, ಹೆಗಲಿಗೆ ಶಾಲು ಹಾಕಿ, ಜನನ ಮರಣದ ಪುಸ್ತಕವನ್ನು ಕಂಕುಳಲ್ಲಿ ಇಟ್ಟುಕೊಂಡು ಹೊರಟರು. ಅವರು ಬಹಳ ಕಟ್ಟುನಿಟ್ಟಿನ ಮನುಷ್ಯ. ದಾರಿಯಲ್ಲಿ ಮಸಿ ಒಣಗಲಿ ಎಂದು ಮರಣದ ಪುಟದಲ್ಲಿ ದೇರಪ್ಪನ ಹೆಸರು ಬರೆದೇ ಹೊರಟರು.

ಬೊಳ್ಳಮ್ಮ ಅಡಿಗೆಮನೆಯಲ್ಲಿ ಅಣ್ಣನಿಗೆಂದು ಕಡಂಬುಟ್ಟು ಬೇಯಿಸುತ್ತಿದ್ದಳು. ಗುಂಡಿನ ಸದ್ದು ಕೇಳಿ, ಗಂಡ ಮಂಗನ ಹಿಂದೆ ಓಡುವುದನ್ನು ಬಾಗಿಲಿನಿಂದ ಕಂಡು, ಒಲೆಗೆ ಇನ್ನೊಂದು ಸೌದೆ ಇಟ್ಟಿದ್ದಳು. ಸ್ವಲ್ಪ ಹೊತ್ತಿಗೆ ಅಂಗಳದಲ್ಲಿ ಜನ ಸೇರಿದ ಸದ್ದಾಯಿತು. ಹೊರಗೆ ಬಂದು ನೋಡಿದರೆ ಬಿಳಿ ಬಟ್ಟೆಯವರು ಇಪ್ಪತ್ತು ಮಂದಿ. ಪೂವಮ್ಮ ಓಡಿ ಬಂದು ಅವಳನ್ನು ತಬ್ಬಿಕೊಂಡು ಅತ್ತರು. ಸತ್ತವರ ಹೆಸರು ಹೇಳಿ ಅಳುವ ಪದ್ಧತಿ ಇಲ್ಲ. ಬೊಳ್ಳಮ್ಮ ಎಣಿಸಿದಳು. ಗಂಡ ಈಗ ತಾನೇ ಮಂಗನ ಹಿಂದೆ ಓಡಿದ್ದಾರೆ. ಬಸ್ಸಿನಲ್ಲಿ ಬರಬೇಕಾದವನು ಅಣ್ಣ. ಬಸ್ಸು ಬಿದ್ದಿದೆ, ಸುದ್ದಿ ಇವರಿಗೆ ತಿಳಿದಿದೆ. ಹಾಗೆಂದುಕೊಂಡದ್ದೇ ಎದೆ ಬಡಿದುಕೊಂಡು ಕುಸಿದಳು. ಅವಳು ಅಣ್ಣನಿಗಾಗಿ ಅತ್ತಳು, ಊರು ಅವಳ ಗಂಡನಿಗಾಗಿ ಅತ್ತಿತು, ಎಲ್ಲವೂ ಬಹಳ ಕ್ರಮವಾಗಿ ನಡೆಯಿತು. ಹೆಣ ಎಲ್ಲಿ ಎಂದು ಯಾರೂ ಕೇಳಲಿಲ್ಲ. ಒಳಗೆ ಹೆಂಗಸರು ನೋಡಿಕೊಳ್ಳುತ್ತಿದ್ದಾರೆ ಎಂದು ಗಂಡಸರೂ, ಗಂಡಸರು ನೋಡಿಕೊಳ್ಳುತ್ತಿದ್ದಾರೆ ಎಂದು ಹೆಂಗಸರೂ ತಿಳಿದಿದ್ದರು. ಅಂಗಳದ ಮಾವು ಚಿತೆಯ ಸೌದೆಗೆ ಆದೀತೆಂದು ಪಟೇಲರು ತಮ್ಮ ಆಳು ಪುಟ್ಟನನ್ನು ಕೊಡಲಿ ತರಲು ಕಳಿಸಿದರು.

ಹನ್ನೊಂದೂವರೆಗೆ ಉತ್ತಯ್ಯ ಬಂದ. ಅಮ್ಮತ್ತಿಯಲ್ಲಿ ಬಸ್ಸಿಳಿದು, ತಲೆಯ ಮೇಲೆ ಮುಚ್ಚಳ ಕಟ್ಟಿದ ಬಿದಿರ ಬುಟ್ಟಿಯಲ್ಲಿ ಎರಡು ಹಂದಿಮರಿ ಹೊತ್ತು ಮೂರು ಮೈಲಿ ನಡೆದು ಬಂದಿದ್ದ. ದಾರಿಯಲ್ಲಿ ಸಿಕ್ಕಿದವರು ಅವನಿಗೆ ಹೇಳಿಬಿಟ್ಟಿದ್ದರು. ಆ ದೊಡ್ಡ ಮನುಷ್ಯ ಸಣ್ಣ ಮಗುವಿನಂತೆ ಅಳುತ್ತ ಅಂಗಳಕ್ಕೆ ಕಾಲಿಟ್ಟ.

ಅಣ್ಣನನ್ನು ಕಂಡದ್ದೇ ಬೊಳ್ಳಮ್ಮ ಎದ್ದು ಓಡಿ ಅವನ ಕೈ ಮುಟ್ಟಿದಳು, ಮುಖ ಮುಟ್ಟಿದಳು, ನಕ್ಕಳು. ದುಃಖ ತಲೆಗೇರಿತು ಎಂದು ಪೂವಮ್ಮ ನೀರು ತರಲು ಓಡಿದರು.

"ನೀನು ಇದ್ದೀಯಲ್ಲ ಅಣ್ಣ. ಹಾಗಾದರೆ ಹೋದದ್ದು ಯಾರು?" ಎಂದಳು ಬೊಳ್ಳಮ್ಮ.

ಪಟೇಲರು ಶಾಲಿನಿಂದ ಕಣ್ಣೊರಸಿಕೊಂಡರು. ಆಗ ಅವಳಿಗೆ ಅರ್ಥವಾಯಿತು. ಕೋವಿ ಹಿಡಿದು ಹೋದ ಗಂಡ ಎರಡೂವರೆ ಗಂಟೆ ಕಳೆದರೂ ಬಂದಿಲ್ಲ. ಎಡವಿ ಬಿದ್ದರೋ, ಕೋವಿ ಸಿಡಿಯಿತೋ. ಈ ಸಲ ಅವಳು ಎದೆ ಬಡಿದುಕೊಳ್ಳಲಿಲ್ಲ, ಕೂಗಲಿಲ್ಲ, ಜಗಲಿಯ ಕಂಬಕ್ಕೆ ಒರಗಿ ಸುಮ್ಮನೆ ಕುಳಿತುಬಿಟ್ಟಳು. ಪಟೇಲರು ನಾಲ್ಕು ಜನರನ್ನು ತೋಟ ಹುಡುಕಲು ಕಳಿಸಿದರು. ಹಾಗಾದರೆ ಸಾವಿನ ಗುಂಡು ಹಾರಿಸಿದವರು ಯಾರು ಎಂದು ಪುಟ್ಟ ಕೇಳಿದ. ಪ್ರಶ್ನೆ ಸರಿಯಾಗಿದ್ದುದರಿಂದ ಪಟೇಲರು ಅವನಿಗೆ ಕೊಡಲಿ ಮಸೆಯಲು ಹೇಳಿದರು.

ಅಷ್ಟರಲ್ಲಿ ಮುದ್ದಿ ಲೈನಿನ ಹೆಂಗಸರೊಂದಿಗೆ ಬಂದವಳು ಹಿತ್ತಲಿಗೆ ಹೋದಳು. ಗಿಡದಲ್ಲಿ ತಕ್ಕಾಳಿ ಹಾಗೇ ಇತ್ತು. ಮಂಗ ಕಿತ್ತದ್ದು ಬರೀ ಚೀಲವನ್ನು. ದೇರಪ್ಪ ಕಟ್ಟಿದ ಗಂಟು ಅವನ ಉಳಿದ ಕೆಲಸಗಳಂತೆಯೇ ಇದ್ದುದರಿಂದ ಚೀಲ ಸಲೀಸಾಗಿ ಬಿಚ್ಚಿಕೊಂಡು ಹೋಗಿತ್ತು. ಮುದ್ದಿ ಹಣ್ಣನ್ನು ಕಿತ್ತು, ಸೆರಗಿನಲ್ಲಿ ಒರಸಿ, ತಂದು, ಜಗಲಿಯಲ್ಲಿ ಹಚ್ಚಿಟ್ಟ ದೀಪದ ಮುಂದೆ ಅಕ್ಕಿಯ ತಟ್ಟೆಯಲ್ಲಿ ಇಟ್ಟಳು.

"ಇದಕ್ಕೇ ಕಾದ್ರು ನಮ್ಮ ರೈಟ್ರು," ಎಂದಳು.

ಕೆಂಪಗೆ, ದುಂಡಗೆ, ಅಕ್ಕಿಯ ಮಧ್ಯೆ ಕುಳಿತಿದ್ದ ಆ ಹಣ್ಣನ್ನು ನೋಡಿ ಉತ್ತಯ್ಯನ ಎದೆ ಒಡೆಯಿತು. ಬುಟ್ಟಿಯನ್ನು ತಲೆಯಿಂದ ಇಳಿಸುವುದೂ ಮರೆತು ಎಲ್ಲರಿಗೂ ಕೇಳುವಂತೆ ಹೇಳಿದ.

"ಭಾವ ಗೆದ್ದರು. ಹಣ್ಣು ಆಗಿಯೇ ಆಯಿತು. ನಾನು ಹಂಗಿಸಿದ್ದು ತಪ್ಪು. ಈ ಜಾಗ ಅವರದ್ದೇ, ಇದರಲ್ಲಿ ಹಂದಿ ಕಾಲಿಡಬಾರದು. ಈ ದೀಪದ ಎದುರು ಹೇಳ್ತಿದ್ದೇನೆ."

ಸರಿಯಾಗಿ ಆಗಲೇ ದೇರಪ್ಪ ಬಂದ. ಹುಡುಕಲು ಹೋದವರು ಕೆಳಗಿನ ದಾರಿಯಲ್ಲಿ ಹೋದರು, ಅವನು ಮೇಲಿನ ದಾರಿಯಲ್ಲಿ ಬಂದ. ಹೊಳೆಯ ತನಕ ಓಡಿ, ಮಂಗ ಎಸೆದ ಚೀಲವನ್ನು ಮುಳ್ಳಿನಿಂದ ಬಿಡಿಸಿ ನೋಡಿದರೆ ಒಳಗೆ ಏನೂ ಇರಲಿಲ್ಲ. ಮಂಗ ತಿಂದು ಎಸೆದಿದೆ ಎಂದುಕೊಂಡ. ಆ ಖಾಲಿ ಚೀಲ ಹಿಡಿದು, ಕಾಲೆಳೆಯುತ್ತ, ಉತ್ತಯ್ಯನಿಗೆ ಏನು ಹೇಳಲಿ, ಬೊಳ್ಳಮ್ಮನಿಗೆ ಏನು ಹೇಳಲಿ, ಇದಕ್ಕಿಂತ ಸತ್ತಿದ್ದರೆ ಚೆನ್ನಾಗಿತ್ತು ಎಂದುಕೊಳ್ಳುತ್ತ ಬಂದವನಿಗೆ ಅಂಗಳ ತುಂಬ ಜನ ಕಂಡರು. ಎಲ್ಲರ ಬೆನ್ನೂ ಅವನ ಕಡೆಗಿತ್ತು. ತುದಿಯಲ್ಲಿ ಕೊಡಲಿ ಹಿಡಿದು ನಿಂತಿದ್ದ ಪುಟ್ಟನ ಪಕ್ಕ ನಿಂತು, ಮೆಲ್ಲಗೆ, ಯಾರು ಹೋದದ್ದು ಎಂದು ಕೇಳಿದ.

"ದೇರಪ್ಪ," ಎಂದ ಪುಟ್ಟ, ತಿರುಗಿ ನೋಡದೆ.

"ಯಾವ ದೇರಪ್ಪ?"

"ನಮ್ಮ ರೈಟರ್ ದೇರಪ್ಪ."

ದೇರಪ್ಪ ಸ್ವಲ್ಪ ಯೋಚಿಸಿದ. ಅವನಿಗೆ ತಾನು ಹಾರಿಸಿದ ಎರಡು ಗುಂಡು ನೆನಪಾದವು, ಹಾರಿಸದ ಮೂರನೆಯದೂ ನೆನಪಾಯಿತು. ಈಗ ಕೂಗಿ ಹೇಳಬೇಕು ಎಂದು ಬಾಯಿ ತೆರೆದ. ಅಷ್ಟರಲ್ಲಿ ಪಟೇಲರು, ಇಂಥ ಪ್ರಾಮಾಣಿಕ ರೈಟರ್ ಈ ನಾಡಿನಲ್ಲಿ ಇನ್ನೊಬ್ಬನಿಲ್ಲ ಎಂದರು. ದೇರಪ್ಪ ಬಾಯಿ ಮುಚ್ಚಿದ. ಲೈನಿನ ಹೆಂಗಸೊಬ್ಬಳು, ಕೂಗಿದರೂ ಒಂದು ದಿನ ಹಾಜರಿ ತಪ್ಪಿಸಿದವರಲ್ಲ ಎಂದಳು. ಇನ್ನೊಬ್ಬರು, ಜೇನು ಕಚ್ಚಿದರೂ ನಗುತ್ತಿದ್ದ ಮನುಷ್ಯ ಎಂದರು. ನಲವತ್ತೆಂಟು ವರ್ಷದಲ್ಲಿ ಅವನ ಬಗ್ಗೆ ಊರು ಒಟ್ಟಾಗಿ ಒಳ್ಳೆಯ ಮಾತಾಡಿದ್ದು ಅದೇ ಮೊದಲು. ಇನ್ನು ಎರಡು ನಿಮಿಷ ಕೇಳಿ ಆಮೇಲೆ ಬದುಕೋಣ ಎಂದುಕೊಂಡ. ಮನುಷ್ಯನ ಆಸೆ.

ಆಗ ಗ್ರಾಮಸೇವಕ ಸೈಕಲ್ ತಳ್ಳಿಕೊಂಡು ಬಂದ. ಅವನು ಮೈಸೂರು ಕಡೆಯ ಹುಡುಗ, ಬಂದು ಆರು ತಿಂಗಳಾಗಿತ್ತು, ಇಲ್ಲಿನ ಗುಂಡಿನ ಲೆಕ್ಕ ಅವನಿಗೆ ತಿಳಿಯದು. ಈ ಭಾನುವಾರ ತಕ್ಕಾಳಿ ಕೀಳುತ್ತೇವೆ, ಬನ್ನಿ ಎಂದು ದೇರಪ್ಪ ಕಾಯಿ ಬಿಳಿಚಿದ ದಿನವೇ ಹೇಳಿ ಕಳಿಸಿದ್ದ. ಅಂಗಳದಲ್ಲಿ ಎಪ್ಪತ್ತು ಜನ, ಎಲ್ಲರೂ ಶುಭ್ರವಾದ ಬಿಳಿ ಬಟ್ಟೆಯಲ್ಲಿ, ನಡುವೆ ದೀಪ, ದೀಪದ ಮುಂದೆ ತಟ್ಟೆಯಲ್ಲಿ ತಕ್ಕಾಳಿ. ಹಲವರ ಕಣ್ಣಲ್ಲಿ ನೀರು. ಸರಕಾರದ ಒಂದು ಬೀಜದ ಪೊಟ್ಟಣಕ್ಕೆ ಇಷ್ಟು ಗೌರವ ಸಿಕ್ಕಿದ್ದನ್ನು ಅವನು ಎಲ್ಲೂ ಕಂಡಿರಲಿಲ್ಲ. ಜಗಲಿಯ ಮೆಟ್ಟಿಲೇರಿ ಕೈ ಮುಗಿದು ನಿಂತ.

"ಮಹನೀಯರೇ, ಈ ದಿನ ನನಗೆ ತುಂಬಾ ಸಂತೋಷವಾಗಿದೆ," ಎಂದು ಶುರು ಮಾಡಿದ.

ಪಟೇಲರು ತಲೆಯೆತ್ತಿದರು.

"ದೇರಪ್ಪನವರು ಮಾಡಿ ತೋರಿಸಿದ್ದಾರೆ. ಆದರೆ ಇದು ಇವರ ಒಂದು ಮನೆಗೇ ನಿಲ್ಲಬಾರದು. ಮುಂದಿನ ವರ್ಷ ಈ ಊರಿನ ಪ್ರತಿಯೊಂದು ಮನೆಯಲ್ಲೂ ಹೀಗೇ ಆಗಬೇಕು. ಅದಕ್ಕೆ ಬೇಕಾದ ಎಲ್ಲ ಸಹಾಯವನ್ನು ಸರಕಾರ ಉಚಿತವಾಗಿ ಮಾಡುತ್ತದೆ."

ಮೈಸೂರಿಗೆ ಸೇರಬಾರದಿತ್ತು ಎಂದು ಹಿಂದಿನಿಂದ ಯಾರೋ ಗೊಣಗಿದರು. ಪೂವಮ್ಮ ಗಂಡನ ಕೈ ಗಟ್ಟಿಯಾಗಿ ಹಿಡಿದುಕೊಂಡರು. ಸಾವಿನ ಮನೆಯಲ್ಲಿ ಜಗಳ ಬೇಡವೆಂದು ಪಟೇಲರು ಹಲ್ಲು ಕಚ್ಚಿ, ಕೆಲಸ ನಡೆಯಲಿ ಎಂದು ಪುಟ್ಟನಿಗೆ ಕಣ್ಸನ್ನೆ ಮಾಡಿದರು. ಪುಟ್ಟ ಅಂಗಳದ ಮೂಲೆಯ ಮಾವಿನ ಮರಕ್ಕೆ ಕೊಡಲಿ ಎತ್ತಿ ಒಂದು ಏಟು ಹಾಕಿದ. ಅದು ದೇರಪ್ಪನ ಅಪ್ಪ ನೆಟ್ಟ ಮರ. ವರ್ಷಕ್ಕೆ ಸಾವಿರ ಕಾಯಿ ಬಿಡುವ ಮರ.

"ಏಯ್ ಪುಟ್ಟ, ಆ ಮರ ಮುಟ್ಟಿದರೆ ನೋಡು," ಎಂದು ದೇರಪ್ಪ ಕೂಗಿದ. ಇಪ್ಪತ್ತು ವರ್ಷ ಎಸ್ಟೇಟಿನಲ್ಲಿ ಪಳಗಿದ ಕೂಗು ಅದು, ಊರಿಗೆಲ್ಲ ಪರಿಚಯದ್ದು.

ಎಪ್ಪತ್ತು ತಲೆ ಒಟ್ಟಿಗೆ ತಿರುಗಿದವು. ಪುಟ್ಟ ಕೊಡಲಿ ಬಿಟ್ಟು ಬೇಲಿ ಹಾರಿದ. ಯುದ್ಧ ನೋಡಿ ಬಂದ ಹವಾಲ್ದಾರ್ ಉತ್ತಯ್ಯ ಎರಡು ಕೈಯನ್ನೂ ಮೇಲೆತ್ತಿದ. ಹಾಗಾಗಿ ತಲೆಯ ಮೇಲಿನ ಬುಟ್ಟಿಗೆ ಆಧಾರ ತಪ್ಪಿ ಅದು ನೆಲಕ್ಕೆ ಬಿದ್ದು ಮುಚ್ಚಳ ಹಾರಿತು. ಬೆಳಿಗ್ಗೆಯಿಂದ ಬಸ್ಸಿನಲ್ಲಿ ಕುಲುಕಾಡಿ ಹಸಿದಿದ್ದ ಎರಡು ಹಂದಿಮರಿ ಹೊರಗೆ ಬಂದು ಜಗಲಿಯತ್ತ ಓಡಿದವು. ಒಂದು ಅಕ್ಕಿಗೆ ಬಾಯಿ ಹಾಕಿತು. ಇನ್ನೊಂದು ತಕ್ಕಾಳಿಗೆ ಹಾಕಿತು.

ಎರಡೇ ತುತ್ತು. ಮೂರು ತಿಂಗಳ ಹಣ್ಣು.

ಆಮೇಲೆ ಅರ್ಧ ಗಂಟೆ ಆ ಅಂಗಳದಲ್ಲಿ ಯಾರು ಯಾರಿಗೆ ಬೈದರೆಂದು ಹೇಳುವುದು ಕಷ್ಟ. ಪೂವಮ್ಮ ತಾವು ಅತ್ತ ಕಣ್ಣೀರಿಗೆ ದೇರಪ್ಪನನ್ನು ಬೈದರು. ಗ್ರಾಮಸೇವಕನಿಗೆ ವಿಷಯ ತಿಳಿದ ಮೇಲೆ ಅವನು ಸೈಕಲ್ ಹತ್ತಿದವನು ಅಮ್ಮತ್ತಿಯವರೆಗೆ ಇಳಿಯಲಿಲ್ಲ. ಉತ್ತಯ್ಯನಿಗೆ ದುಃಖವೆಲ್ಲ ಸಿಟ್ಟಾಗಿ ತಿರುಗಿತು. ಬದುಕಿರುವ ಮನುಷ್ಯನಿಗೆ ಕೊಟ್ಟ ಮಾತಲ್ಲ ಅದು, ಸತ್ತವನಿಗೆ ಕೊಟ್ಟದ್ದು, ಆದ್ದರಿಂದ ಲೆಕ್ಕಕ್ಕಿಲ್ಲ ಎಂದ. ಪಟೇಲರು ಒಪ್ಪಲಿಲ್ಲ. ದೀಪದ ಮುಂದೆ ಆಡಿದ ಮಾತು ಆಡಿದ್ದೇ. ಹಣ್ಣು ಕೆಂಪಾಗಿದ್ದನ್ನು ಎಪ್ಪತ್ತು ಜನ ನೋಡಿದ್ದಾರೆ. ಜಾಗ ದೇರಪ್ಪನದು ಎಂದು ತೀರ್ಪು ಕೊಟ್ಟರು. ಹಂದಿಗೂಡು ಬೇಕಾದರೆ ಅದರಾಚೆ, ಹಲಸಿನ ಮರದ ಬುಡದಲ್ಲಿ ಕಟ್ಟಿಕೊಳ್ಳಲಿ ಎಂದರು. ಕೊನೆಗೆ ತಮ್ಮ ಪುಸ್ತಕ ತೆರೆದು ಬಹಳ ಹೊತ್ತು ಮುಖ ಸಣ್ಣದು ಮಾಡಿಕೊಂಡು ನೋಡಿದರು. ಮಸಿಯಲ್ಲಿ ಬರೆದಾಗಿತ್ತು. ಸರಕಾರಿ ಪುಸ್ತಕದಲ್ಲಿ ಕಾಟು ಹಾಕುವಂತಿರಲಿಲ್ಲ. ಮುಂದೆ ನೋಡೋಣ ಎಂದು ಮುಚ್ಚಿದರು.

ಎಲ್ಲರೂ ಹೋದ ಮೇಲೆ ದೇರಪ್ಪ ಜಗಲಿಯಲ್ಲಿ ಖಾಲಿ ತಟ್ಟೆಯ ಮುಂದೆ ಕುಳಿತ. ಜಾಗ ಗೆದ್ದಿದ್ದ, ಆದರೆ ಸಂತೋಷವಾಗಲಿಲ್ಲ. ಬೊಳ್ಳಮ್ಮ ಕಾಫಿ ತಂದು ಪಕ್ಕದಲ್ಲಿಟ್ಟಳು.

"ಒಂದು ಹೋಳಾದರೂ ನಿನಗೆ ಅಂತ ಇತ್ತು. ಸಕ್ಕರೆ ಹಾಕಿ," ಎಂದ ದೇರಪ್ಪ, ತಟ್ಟೆ ನೋಡುತ್ತ.

ಬೊಳ್ಳಮ್ಮ ಅವನನ್ನೇ ನೋಡಿದಳು. ಇಪ್ಪತ್ತು ವರ್ಷ ಸಂಸಾರ ಮಾಡಿ ಇದು ತನಗೆ ಇವತ್ತು ತಿಳಿಯಿತಲ್ಲ ಎಂದು ಅವಳಿಗೆ ಮತ್ತೆ ಅಳು ಬಂತು.

"ನೀವು ಬಂದಿರಲ್ಲ, ಸಾಕು. ಕಾಫಿ ಆರ್ತದೆ, ಕುಡಿಯಿರಿ," ಎಂದು ಎದ್ದು ಹೋದಳು.

ಹಂದಿಗೂಡು ಹಲಸಿನ ಮರದ ಬುಡದಲ್ಲಿ ಎದ್ದಿತು. ಮರಿಗಳು ಬೆಳೆದವು. ಬೊಳ್ಳಮ್ಮ ದಿನವೂ ಗೂಡು ಗುಡಿಸಿ ಗೊಬ್ಬರವನ್ನು ಆ ಹತ್ತು ಹೆಜ್ಜೆ ಜಾಗಕ್ಕೆ ಎಸೆಯುತ್ತಿದ್ದಳು. ಮರುವರ್ಷ ಮಳೆ ನಿಂತ ಮೇಲೆ ದೇರಪ್ಪ ಹಿತ್ತಲಿಗೆ ಹೋದರೆ ಅಲ್ಲಿ ಅವನು ಬಿತ್ತದ, ನೆಡದ, ನೆರಳು ಕೊಡದ ಮೂವತ್ತು ತಕ್ಕಾಳಿ ಸಸಿ ನಿಂತಿದ್ದವು. ಹಂದಿ ತಿಂದ ಬೀಜ ಎಲ್ಲಿಗೂ ಹೋಗಿರಲಿಲ್ಲ. ಮುದ್ದಿ ಬಂದು, ರೈಟ್ರೇ, ಈ ಸಲ ನೀವು ಏನೂ ಮಾಡಬೇಡಿ ಎಂದಳು. ಅವನು ಏನೂ ಮಾಡಲಿಲ್ಲ. ಹಾಗಾಗಿ ಗಿಡಗಳು ಚೆನ್ನಾಗಿ ಬಂದವು.

ಹುತ್ತರಿ ಕಳೆದ ಒಂದು ಬೆಳಿಗ್ಗೆ ಮೊದಲ ಹಣ್ಣು ಕೆಂಪಾಯಿತು. ದೇರಪ್ಪ ಕಾಯಲಿಲ್ಲ, ಯಾರನ್ನೂ ಕರೆಯಲಿಲ್ಲ. ಕಿತ್ತು, ತೊಳೆದು, ಹೋಳು ಮಾಡಿ, ಸಕ್ಕರೆ ಹಾಕಿ ಬೊಳ್ಳಮ್ಮನ ಕೈಗಿಟ್ಟ. ಅವಳು ಕಣ್ಣು ಮುಚ್ಚಿ ತಿಂದಳು.

"ಆ ರುಚಿಯೇ?" ಎಂದು ಕೇಳಿದ.

"ಆ ರುಚಿ ಬೇರೆ. ಇದು ಇನ್ನೂ ಒಳ್ಳೇದುಂಟು," ಎಂದಳು.

ದೇರಪ್ಪನಿಗೆ ಸಂತೋಷ ತಡೆಯಲಾಗಲಿಲ್ಲ. ಗೋಡೆಯಿಂದ ಕೋವಿ ಇಳಿಸಿ ಅಂಗಳಕ್ಕೆ ಹೋದ. ಹೋದ ವರ್ಷದ ಪಾಠ ಚೆನ್ನಾಗಿ ನೆನಪಿತ್ತು. ಎರಡು ಹಾರಿಸಿದರೆ ತಾನೇ ತೊಂದರೆ? ಬಹಳ ಎಚ್ಚರಿಕೆಯಿಂದ ಒಂದೇ ಒಂದು ಗುಂಡು ಹಾರಿಸಿ, ಕೋವಿಯನ್ನು ಒರಸಿ, ಮತ್ತೆ ಗೋಡೆಗೆ ತೂಗುಹಾಕಿದ.

ಅರ್ಧ ಗಂಟೆಯಲ್ಲಿ ಅಂಗಳ ತುಂಬಿತು. ಪೂವಮ್ಮ ಬಾಣಂತಿಗೆಂದು ಕಾಳುಮೆಣಸು, ಬೆಲ್ಲ, ಒಂದು ಕೋಳಿ ತಂದಿದ್ದರು. ಮೂವತ್ತಾರು ದಾಟಿದ ಬೊಳ್ಳಮ್ಮ ಯಾರಿಗೂ ಹೇಳದೆ ಹೆತ್ತದ್ದು ಹೇಗೆಂದು ಹೆಂಗಸರೆಲ್ಲ ಬೆರಗಾಗಿದ್ದರು. ದೇರಪ್ಪ ಬಾಗಿಲ ಹಿಂದೆ ನಿಂತ. ಪಟೇಲ ಬೆಳ್ಯಪ್ಪನವರು ನಗುನಗುತ್ತ ಬಂದು, ಜಗಲಿಯಲ್ಲಿ ಕುಳಿತು, ಪುಸ್ತಕ ತೆರೆದು, ಲೇಖನಿಯನ್ನು ಮಸಿಗೆ ಅದ್ದಿ, ಮಗುವಿಗೆ ಏನು ಹೆಸರಿಡುತ್ತೀರಿ ಎಂದು ಕೇಳಿದರು.

ಬೊಳ್ಳಮ್ಮ ತಕ್ಕಾಳಿಯ ತಟ್ಟೆಯನ್ನು ಅವರ ಮುಂದಿಟ್ಟಳು.

"ದೇರಪ್ಪ ಅಂತಲೇ ಬರೆಯಿರಿ, ಪಟೇಲರೇ. ಹೋದ ವರ್ಷ ಸತ್ತವರು ಈ ವರ್ಷ ಹುಟ್ಟಿದ್ದಾರೆ. ನಿಮ್ಮ ಪುಸ್ತಕವೂ ಸರಿಹೋಗ್ತದೆ."

ಪಟೇಲರು ಒಂದು ಹೋಳು ಬಾಯಿಗೆ ಹಾಕಿಕೊಂಡು, ಸ್ವಲ್ಪ ಯೋಚಿಸಿ, ಬರೆದರು.